ಕೋಡ್‌ಗೂ ಮೊದಲು ನಕ್ಷೆ

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟ ನಡೆಸಿತು. ಗ್ರಾಹಕರು ಮುಗಿಬಿದ್ದರು. ಜಾಲತಾಣ ತತ್ತರಿಸಿತು, ಹಲವರ ಆರ್ಡರ್‌ಗಳು ರದ್ದಾದವು. ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೇಳಬೇಕಾಯಿತು.

ಕೊಳ್ಳುವವರಿಗೆ ಕಾಣುವುದು ಒಂದು ಫೋಟೊ, ಒಂದು ಬೆಲೆ, ಒಂದು ಬಟನ್ ಮಾತ್ರ. ಅದರ ಹಿಂದೆ ದಾಸ್ತಾನು, ಪಾವತಿ, ಸಾಗಣೆ, ವಾಪಸಾತಿ ಎಲ್ಲವೂ ಒಂದಕ್ಕೊಂದು ತೊಡರಿಕೊಂಡಿರುತ್ತವೆ. ಈ ತೊಡರನ್ನು ಕೋಡ್ ಬರೆಯುವ ಮೊದಲೇ ಬಿಡಿಸಿ ನೋಡುವ ವಿದ್ಯೆಯೇ ಸಾಫ್ಟ್‌ವೇರ್ ಮಾಡೆಲಿಂಗ್.

ಇದಕ್ಕೆ ಸಲಕರಣೆಗಳು ಹಲವು. ಗ್ರಾಹಕ, ಸರಕು, ಆರ್ಡರ್‌ಗಳ ನಡುವಿನ ನಂಟನ್ನು ಚಿತ್ರಿಸುವ ಇ-ಆರ್ ನಕ್ಷೆಯನ್ನು ಪೀಟರ್ ಚೆನ್ 1976ರಲ್ಲಿ ಕೊಟ್ಟರು. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವರ್ ಜೇಕಬ್‌ಸನ್ ತಮ್ಮ ಮೂರು ಪದ್ಧತಿಗಳನ್ನು ಬೆಸೆದು ರೂಪಿಸಿದ ಯುಎಂಎಲ್ ಎಂಬ ನಕ್ಷೆಗಳ ಭಾಷೆ 1997ರಲ್ಲಿ ಉದ್ಯಮದ ಮಾನದಂಡವಾಯಿತು.

ಆನ್‌ಲೈನ್ ಅಂಗಡಿಗೆ ಇವುಗಳಲ್ಲಿ ಅತಿ ಹೆಚ್ಚು ನೆರವಾಗುವುದು ಯುಎಂಎಲ್‌ನ ಸ್ಥಿತಿ ನಕ್ಷೆ. ಆರ್ಡರ್ ಯಾವ ಹಂತದಿಂದ ಯಾವ ಹಂತಕ್ಕೆ ಹೋಗಬಹುದು, ಎಲ್ಲಿಗೆ ಹೋಗಕೂಡದು ಎಂಬುದನ್ನು ಅದು ತೋರಿಸುತ್ತದೆ. ಖಾತೆಯಿಂದ ಹಣ ಹೋಗಿದೆ, ಬ್ಯಾಂಕಿನ ಉತ್ತರ ಬಂದಿಲ್ಲ, ಅಷ್ಟರಲ್ಲಿ ಗ್ರಾಹಕ ಆರ್ಡರ್ ರದ್ದು ಮಾಡಿದ್ದಾನೆ. ಈಗೇನು? ಉಳಿದ ಒಂದೇ ಸೀರೆಗೆ ಇಬ್ಬರು ಒಟ್ಟಿಗೆ ಹಣ ಕಟ್ಟಿದರೆ? ನಕ್ಷೆ ಬರೆಯಲು ಕುಳಿತವರಿಗೆ ಈ ಪ್ರಶ್ನೆಗಳು ತಾವಾಗಿ ಎದುರಾಗುತ್ತವೆ. ನಕ್ಷೆಯಿಲ್ಲದೆ ಹೊರಟವರಿಗೆ ಗ್ರಾಹಕರ ದೂರಿನಲ್ಲಿ ಎದುರಾಗುತ್ತವೆ.

ಕೆಲವು ಉತ್ತರಗಳು ತಂತ್ರಜ್ಞಾನದ್ದಲ್ಲ, ವ್ಯಾಪಾರದ್ದು. ತನ್ನ ದತ್ತಾಂಶ ಸಂಗ್ರಹ ವ್ಯವಸ್ಥೆ ‘ಡೈನಮೊ’ ಕುರಿತು ಅಮೆಜಾನ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಸಾಕ್ಷಿ. ಸರ್ವರ್ ಕೆಟ್ಟರೂ ಗ್ರಾಹಕ ಕಾರ್ಟ್‌ಗೆ ಸರಕು ಸೇರಿಸುವುದು ನಿಲ್ಲಬಾರದು ಎಂದು ಡೈನಮೊ ವಿನ್ಯಾಸಕರು ನಿರ್ಧರಿಸಿದ್ದರು. ಅದಕ್ಕೆ ತೆತ್ತ ಬೆಲೆಯೆಂದರೆ, ಗ್ರಾಹಕ ತೆಗೆದುಹಾಕಿದ ಸರಕು ಒಮ್ಮೊಮ್ಮೆ ಕಾರ್ಟ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುವುದು. ಮಾರಾಟ ತಪ್ಪುವುದಕ್ಕಿಂತ ಇದು ವಾಸಿ ಎಂಬುದು ಅವರ ಲೆಕ್ಕ.

ಚಿತ್ರದ ಕೈಗೆ ಸಿಗದ ದೋಷಗಳೂ ಇವೆ. 2011ರಿಂದ ಅಮೆಜಾನ್‌ನ ಕ್ಲೌಡ್ ಎಂಜಿನಿಯರುಗಳು ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಎಂಬ ಗಣಿತ ಭಾಷೆಯನ್ನು ಬಳಸತೊಡಗಿದರು. ಡೈನಮೊಡಿಬಿ ದತ್ತಸಂಚಯದ ಮಾದರಿಯನ್ನು ಅದರಲ್ಲಿ ಬರೆದು ಪರೀಕ್ಷಿಸಿದಾಗ ದತ್ತಾಂಶವೇ ಕಳೆದುಹೋಗಬಹುದಾದ ದೋಷವೊಂದು ಸಿಕ್ಕಿತು. ಅದು ಹೊರಬೀಳಲು 35 ಹೆಜ್ಜೆಗಳು ನಿರ್ದಿಷ್ಟ ಕ್ರಮದಲ್ಲಿ ನಡೆಯಬೇಕಿತ್ತು. ಮಾಮೂಲಿ ಪರೀಕ್ಷೆಗಳು, ವಿನ್ಯಾಸ ಮತ್ತು ಕೋಡ್ ಪರಿಶೀಲನೆ ಎಲ್ಲವನ್ನೂ ದಾಟಿ ಬಂದಿದ್ದ ದೋಷ ಅದು.

ಹಾಗೆಂದು ಪ್ರತಿ ಪುಟಕ್ಕೂ ನಕ್ಷೆ ಬರೆಯುತ್ತ ಕೂರಬೇಕಿಲ್ಲ. ಪುಟದ ಬಣ್ಣ, ಬಟನ್‌ನ ಜಾಗ ನಾಳೆಯೂ ಬದಲಾಗಬಲ್ಲವು. ಹಣ ಮತ್ತು ಸರಕು ಕೈ ಬದಲಾಯಿಸುವ ಜಾಗಗಳಿಗೆ ಮಾತ್ರ ನಕ್ಷೆ ಬೇಕೇ ಬೇಕು. ಅಂಗಡಿ ತೆರೆಯುವ ಮುನ್ನ ಅಷ್ಟನ್ನಾದರೂ ಬರೆದುಕೊಳ್ಳಿ. ಕಾಗದದ ಮೇಲಿನ ತಪ್ಪನ್ನು ತಿದ್ದುವುದು ಅಗ್ಗ.