ಕದಿರು, ಹೂವು, ಪಾಠ: ಬಾರ್ಕೂರು ಪ್ರದೇಶದ ಕೆಥೊಲಿಕ್ ಪ್ರಾಥಮಿಕ ಶಾಲೆಗಳ ಶರತ್ಕಾಲ

ಬಾರ್ಕೂರೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಆಳುಪರ ರಾಜಧಾನಿ, ವಿಜಯನಗರದ ಬಾರಕೂರು ರಾಜ್ಯ, ಕತ್ತಲೆ ಬಸದಿ, ಕೋಟೆಯ ಅವಶೇಷಗಳು. ಆ ಊರಿನ ಪಾಠಶಾಲೆಯನ್ನು ಚರಿತ್ರೆಯ ಆಕರವೆಂದು ಎಣಿಸುವವರು ಕಡಮೆ. ಶಾಸನಗಳು ದಾನವನ್ನು ಹೇಳುತ್ತವೆ. ಮಗು ಏನನ್ನು ಕಲಿಯಿತೆಂಬುದನ್ನು ತಿಳಿಯಬೇಕಾದರೆ ಗದ್ದೆಯನ್ನೂ ಹಬ್ಬವನ್ನೂ ನೋಡಬೇಕಾಗುತ್ತದೆ.

ನಮ್ಮ ಕರಾವಳಿಯ ಶರತ್ತು ಎಲೆಯುದುರುವ ಕಾಲವಲ್ಲ. ಪಾಶ್ಚಾತ್ಯ ಪಠ್ಯಗಳನ್ನು ನೋಡಿ ಮಕ್ಕಳಿಂದ ಕೆಂಪು ಹಳದಿ ಎಲೆಗಳ ಚಿತ್ರ ಬರೆಯಿಸುವುದು ಇಲ್ಲಿ ಅರ್ಥವಿಲ್ಲದ ಕೆಲಸ. ಮಳೆ ಹಿಂಜರಿದು, ಬಿಸಿಲು ಕಾಣಿಸಿಕೊಂಡು, ಮುಂಗಾರಿನ ಭತ್ತ ತೆನೆಗಟ್ಟುವ ಕಾಲವಿದು. ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ವಿಭಾಗವನ್ನು ಕಣ್ಣಿನಿಂದಲೇ ಗುರುತಿಸಲು ಇದಕ್ಕಿಂತ ತಕ್ಕ ಸಮಯವಿಲ್ಲ.

ಈ ಕಾಲದಲ್ಲೇ ಕೆಥೊಲಿಕರ ಮೊಂತಿ ಹಬ್ಬ ಬರುತ್ತದೆ. ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ನ್ನು ಜಗತ್ತಿನ ಇತರ ಕೆಥೊಲಿಕರೂ ಆಚರಿಸುವುದುಂಟು. ಆದರೆ ಅದರೊಡನೆ ಹೊಸ ತೆನೆಯ ಆಶೀರ್ವಾದವನ್ನು ಬೆಸೆದ ರೀತಿ ಕೊಂಕಣ ಕರಾವಳಿಗೆ ವಿಶಿಷ್ಟವಾದುದು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಪಾದ್ರಿ ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂದು ಪ್ರತೀತಿ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಎಂಟನೆಯ ತಾರೀಖು ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಹೊಸ ಅಕ್ಕಿಯ ಕಾಳನ್ನು ಹಾಲಿನಲ್ಲಿಯೋ ತೆಂಗಿನ ಹಾಲಿನಲ್ಲಿಯೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಅಂದಿನ ಊಟ ಸಸ್ಯಾಹಾರ. ಬಾಳೆಯೆಲೆಯ ಮೇಲೆ ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು.

ಇಲ್ಲಿ ಅಧ್ಯಾಪಕರಿಗೆ ಎಷ್ಟು ಪಾಠಗಳು ದೊರಕುತ್ತವೆಂಬುದನ್ನು ಗಮನಿಸಬೇಕು. ದಾಸವಾಳದ ದಳಗಳನ್ನು ಬಿಡಿಸಿ ಎಣಿಸುವ ಮಗು, ಅದನ್ನು ಕೇಪಳದ ನಾಲ್ಕು ಎಸಳುಗಳೊಡನೆ ಹೋಲಿಸಬಲ್ಲುದು. ಪಲ್ಯಗಳ ಲೆಕ್ಕದಲ್ಲಿ ಸಮ ಬೆಸಗಳು ಬಾಯಿಗೆ ಬರುತ್ತವೆ. ಎಳೆಯ ಕಾಳನ್ನು ಉಗುರಿನಿಂದ ಒತ್ತಿದಾಗ ಹೊರಡುವ ಹಾಲು ಅಕ್ಕಿಯಾಗುವ ಬಗೆಯನ್ನು ಯಾವ ಚಿತ್ರಪಟವೂ ಅಷ್ಟು ಚೆನ್ನಾಗಿ ತಿಳಿಸಲಾರದು. ಭಾಷೆಯ ಪಾಠವಂತೂ ಇನ್ನೂ ಸೊಗಸಿನದು. ಹೊಸ ಅನ್ನದ ಊಟಕ್ಕೆ ಕೊಂಕಣಿಯ ಮನೆಯಲ್ಲಿ ‘ನವೆಂ’, ಕುಂದಾಪುರದ ಕನ್ನಡದಲ್ಲಿ ‘ಹೊಸ್ತು’, ತುಳುವಿನಲ್ಲಿ ‘ಪುದ್ವಾರ್’. ಮೂರು ಮಾತುಗಳ ಬೇರೂ ‘ಹೊಸತು’ ಎಂಬ ಅರ್ಥವೇ. ಈ ಮೂರು ಭಾಷೆಗಳೂ ಕಿವಿಗೆ ಬೀಳುವ ಸೀತಾನದಿಯ ದಂಡೆಯ ಊರಿನಲ್ಲಿ ಒಂದೇ ಬೆಂಚಿನ ಮೂವರು ಮಕ್ಕಳು ಇದನ್ನು ಪರಸ್ಪರ ಹೇಳಿಕೊಡಬಲ್ಲರು.

ಶಾಲೆಯನ್ನು ಸುಗ್ಗಿಯೊಡನೆ ಕೂಡಿಸಿದ್ದು ಮಿಷನರಿಗಳ ಹೊಸ ಯೋಜನೆಯೆಂದು ಭಾವಿಸಬಾರದು. ಅವರಿಗೂ ಮೊದಲು ಈ ಭಾಗದಲ್ಲಿ ಐಗಳ ಮಠಗಳಿದ್ದವು. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸುತ್ತಿದ್ದ ಐಗಳು ನವರಾತ್ರಿಯಲ್ಲಿ ಹುಡುಗರಿಗೆ ಹೂವಿನಿಂದ ಸಿಂಗರಿಸಿದ ಕೋಲು ಕೊಟ್ಟು ಮನೆಮನೆಗೆ ಕರೆದೊಯ್ಯುತ್ತಿದ್ದರು. ಹುಡುಗರು ಎದುರುಬದುರು ಕುಳಿತು ಯಕ್ಷಗಾನದ ಪ್ರಸಂಗದ ಮಾತುಗಳನ್ನಾಡುವರು. ಮನೆಯವರು ಕೊಟ್ಟದ್ದು ಗುರುವಿನ ಸಂಭಾವನೆ. ಇದೇ ಹೂವಿನಕೋಲು. ಇದು ಕಲೆಯಾಗಿ ಈಗಲೂ ಉಳಿದಿದೆ. ಶಾಲೆಯ ವಾರ್ಷಿಕ ಪರೀಕ್ಷೆಯಂತಿದ್ದ ಅದರ ಸ್ಥಾನ ಮಾತ್ರ ಹೋಯಿತು. ಐಗಳ ಮಠ ಶರತ್ಕಾಲದಲ್ಲಿ ಮನೆಗಳಿಗೆ ಹೋಗುತ್ತಿತ್ತು. ಇಗರ್ಜಿಯ ಶಾಲೆಗೆ ಶರತ್ಕಾಲವೇ ಬುಟ್ಟಿ ಹಿಡಿದು ಬರುತ್ತದೆ. 1854ರ ವುಡ್ ನಿರೂಪದ ತರುವಾಯ ಬೆಳೆದ ಸಹಾಯಧನದ ಪದ್ಧತಿ, ವೇಳಾಪಟ್ಟಿ, ಇನ್‌ಸ್ಪೆಕ್ಟರರ ಭೇಟಿ ಇವುಗಳ ನಡುವೆಯೂ ಈ ಸಂಬಂಧ ಪೂರ್ತಿಯಾಗಿ ಕಡಿಯಲಿಲ್ಲವೆಂಬುದು ನಮಗೆ ಮುಖ್ಯವಾಗಿ ತೋರುತ್ತದೆ.

ತೊಡಕುಗಳಿಲ್ಲವೆಂದಲ್ಲ. ಈ ಶಾಲೆಗಳಲ್ಲಿ ಓದುವವರು ಕೆಥೊಲಿಕ್ ಮಕ್ಕಳು ಮಾತ್ರವಲ್ಲ. ಸರಕಾರದ ನೆರವು ಪಡೆಯುವ ಸಂಸ್ಥೆಯಲ್ಲಿ ಪಾಲಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಆರಾಧನೆಗೆ ಕೂಡಿಸಲಾಗದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಪ್ರಾರ್ಥನೆಯನ್ನು ಇಗರ್ಜಿಗೆ ಬಿಟ್ಟು, ತೆನೆಯನ್ನು ತರಗತಿಗೆ ತರುವುದು ಸರಿಯಾದ ದಾರಿಯೆಂದು ನಮ್ಮ ಅಭಿಪ್ರಾಯ, ತೆನೆಗೆ ಮತವಿಲ್ಲ. ನಡುವಾರ್ಷಿಕ ರಜೆ ದಸರೆಗೋ ಕ್ರಿಸ್‌ಮಸಿಗೋ ಎಂಬ, ಕ್ರೈಸ್ತ ಶಾಲೆಗಳಲ್ಲಿ ಮರಳಿ ಮರಳಿ ಏಳುವ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಅದರಲ್ಲಿ ಕೊಯ್ಲಿನ ಮಾತೇ ಬರುವುದಿಲ್ಲವೆಂಬುದು ಸೋಜಿಗ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಗದ್ದೆಯದು. ಕರಾವಳಿಯಲ್ಲಿ ಭತ್ತದ ಬೇಸಾಯ ಕುಗ್ಗುತ್ತಿದೆ. ಹಡಿಲು ಬಿದ್ದ ಗದ್ದೆಗಳು ಎಲ್ಲೆಲ್ಲೂ ಕಾಣುತ್ತವೆ. ಹಬ್ಬದ ತೆನೆಯನ್ನು ದೂರದಿಂದ ತರಿಸುವುದಾದರೆ ಆಶೀರ್ವಾದಕ್ಕೆ ಕೊರತೆಯಾಗದು, ಪಾಠಕ್ಕೆ ಆಗುತ್ತದೆ; ತೆನೆ ಬಂದ ಗದ್ದೆ ಯಾವುದೆಂದು ಮಗುವಿಗೆ ತಿಳಿಯದು. ಮಳೆಗಾಲದ ನಾಟಿಗೆ ಮಕ್ಕಳನ್ನು ಗದ್ದೆಗಿಳಿಸುವ ಶಾಲೆಗಳು ಈಚೆಗೆ ಹಲವಿವೆ. ಅದೇ ಮಕ್ಕಳನ್ನು ಅದೇ ಗದ್ದೆಗೆ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಕರೆದೊಯ್ದು, ತಾವು ನೆಟ್ಟ ಸಸಿಯ ತೆನೆಯನ್ನು ಅವರ ಕೈಯಿಂದಲೇ ಕೊಯ್ಯಿಸಬಹುದು. ಅದಕ್ಕೆ ಬೇಕಾದುದು ಒಂದು ಮುಡಿ ಗದ್ದೆಯೂ ಅಲ್ಲ, ಅದರ ಒಂದು ಮೂಲೆ.