ಸರ್ವರ್ ಕಣ್ಣು ಮಿಟುಕಿಸಿದರೆ ಏನರ್ಥ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಲ್ಯಾಬ್ ಸರ್ವರ್‌ನ ಒಂದು ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಸ್ಕ್ರೀನ್ ಮೇಲೆ 'ಡಿಸ್ಕ್ 2 ಫೇಲ್ಡ್' ಅಂತ ಬಂದಿತ್ತು. ಹೊಸ ಡಿಸ್ಕ್ ಹಿಡ್ಕೊಂಡು ಹೋದ ನಾವು ಎಡಗಡೆಯಿಂದ ಒಂದು, ಎರಡು ಅಂತ ಎಣಿಸಿ, ಎರಡನೇದಕ್ಕೆ ಕೈ ಹಾಕಿದ್ವಿ. ಹಿಂದಿನಿಂದ ಲ್ಯಾಬ್ ಸರ್ ಕೂಗಿದ್ರು: "ಏಯ್, ಕೈ ತೆಗೀರಿ! ಅದಲ್ಲ!"

ಆ ಸರ್ವರ್‌ನಲ್ಲಿ ಸ್ಲಾಟ್‌ಗಳ ಎಣಿಕೆ ಶುರುವಾಗೋದು 0ಯಿಂದ. ಅಂದ್ರೆ ಡಿಸ್ಕ್ 2 ಮೂರನೇದು. ಅರೇ ಪಾಠದಲ್ಲಿ ಮೊದಲ ದಿನವೇ ಕಲಿತಿದ್ದನ್ನ ಇಲ್ಲಿ ಮರೆತಿದ್ವಿ! ನಾಲ್ಕು ಡಿಸ್ಕ್‌ಗಳೂ ರೈಡ್ 5ರಲ್ಲಿದ್ದವು. ರೈಡ್ 5 ಒಂದು ಡಿಸ್ಕ್ ಹೋದ್ರೆ ತಡ್ಕೊಳ್ಳುತ್ತೆ, ಎರಡು ಹೋದ್ರೆ ಇಲ್ಲ. ಒಳ್ಳೇ ಡಿಸ್ಕ್ ಎಳೆದಿದ್ರೆ ಸೀನಿಯರ್‌ಗಳ ಪ್ರಾಜೆಕ್ಟ್ ಡೇಟಾ ಅಪಾಯದಲ್ಲಿರ್ತಿತ್ತು. ಬ್ಯಾಕಪ್ ಬೇರೆ ಇರಲಿಲ್ಲ. ತಮಾಷೆ ಅಂದ್ರೆ, ಮೂರನೇ ಡಿಸ್ಕ್ ಮೇಲೆ ಆರೆಂಜ್ ಲೈಟ್ ಮಿನುಗ್ತಾನೇ ಇತ್ತು. ಅದನ್ನ ಓದೋಕೆ ನಮಗೆ ಬರ್ತಿರಲಿಲ್ಲ ಅಷ್ಟೇ.

ಮೊದಲ ಪಾಠ: ಮಿನುಗೋದೆಲ್ಲ ತೊಂದರೆಯಲ್ಲ. ಡಿಸ್ಕ್‌ನಲ್ಲಿ ಓದು-ಬರಹ ನಡೀತಿದ್ರೆ ಹಸಿರು ಲೈಟ್ ಪಟಪಟ ಮಿನುಗುತ್ತೆ. ನೆಟ್‌ವರ್ಕ್ ಪೋರ್ಟ್‌ನಲ್ಲೂ ಹಾಗೇ: ಒಂದು ಲೈಟ್ ಲಿಂಕ್ ಇದೆ ಅನ್ನುತ್ತೆ, ಇನ್ನೊಂದು ಡೇಟಾ ಓಡಾಡ್ತಿದ್ದಾಗ ಮಿನುಗುತ್ತೆ. ಲಿಂಕ್ ಲೈಟೇ ಇಲ್ವಾ? ಕೋಡ್ ಬೈಯೋ ಮುಂಚೆ ಕೇಬಲ್ ನೋಡಿ.

ಎರಡನೇದು: ಕಂಪನಿಗೊಂದು ಭಾಷೆ. ಡೆಲ್ ಪವರ್‌ಎಡ್ಜ್‌ನ ಮುಂಭಾಗದಲ್ಲಿ ನೀಲಿ ಲೈಟ್ ಸ್ಥಿರವಾಗಿದ್ರೆ ಎಲ್ಲಾ ಸರಿ, ಆರೆಂಜ್ ಮಿನುಗಿದ್ರೆ ದೋಷ. ಅದರ ಡಿಸ್ಕ್‌ನ ಸ್ಟೇಟಸ್ ಲೈಟ್ ನಿಧಾನವಾಗಿ ಹಸಿರು ಮಿನುಗಿದ್ರೆ ರೀಬಿಲ್ಡ್ ನಡೀತಿದೆ, ಸೆಕೆಂಡಿಗೆ 4 ಸಲ ಆರೆಂಜ್ ಮಿನುಗಿದ್ರೆ ಡಿಸ್ಕ್ ಕೆಟ್ಟಿದೆ. ಎಚ್‌ಪಿಇ ಪ್ರೋಲಯಂಟ್‌ನಲ್ಲಿ 'ಎಲ್ಲಾ ಸರಿ' ಅನ್ನೋದು ಹಸಿರು, ಕೆಟ್ಟ ಡಿಸ್ಕ್‌ಗೆ ಮಿನುಗದ ಆರೆಂಜ್. ಅದರ ಕೆಲವು ಡಿಸ್ಕ್ ಟ್ರೇಗಳಲ್ಲಿ ಒಂದು ಬಿಳಿ ಲೈಟೂ ಇದೆ. ಅದು ಉರೀತಿದ್ರೆ 'ನನ್ನನ್ನ ತೆಗೀಬೇಡಿ' ಅಂತ ಅರ್ಥ. ನಮ್ಮಂಥವರಿಗೇ ಮಾಡಿದ್ದು! ಅದಕ್ಕೇ ಆ ಮಾಡೆಲ್‌ನ ಮ್ಯಾನುಯಲ್ ನೋಡದೆ ಯಾವುದನ್ನೂ ಎಳೀಬೇಡಿ. ರೀಬಿಲ್ಡ್ ಮುಗಿಯೋವರೆಗೂ ಉಳಿದ ಡಿಸ್ಕ್‌ಗಳನ್ನ ಮುಟ್ಟಲೇಬೇಡಿ.

ಮೂರನೇದು: ಎಣಿಸಬೇಡಿ, ಸರ್ವರ್‌ಗೇ ಕೈ ಎತ್ತೋಕೆ ಹೇಳಿ. ಒಂದೇ ಥರದ ಸರ್ವರ್‌ಗಳು ರ‍್ಯಾಕ್ ತುಂಬಾ ಇದ್ದಾಗ, ಮುಂದಿನಿಂದ ನೋಡಿದ್ದು ಹಿಂದೆ ಹೋಗುವಷ್ಟರಲ್ಲಿ ಯಾವುದು ಅಂತ ಗೊಂದಲ ಆಗುತ್ತೆ. ಇದಕ್ಕೇ ಐಡಿ ಬಟನ್ ಇದೆ. ಮುಂದೆ ಒತ್ತಿದ್ರೆ ಹಿಂದೆಯೂ ನೀಲಿ ಲೈಟ್ ಬರುತ್ತೆ. ಐಪಿಎಂಐ ಮೂಲಕ ದೂರದಿಂದಲೂ ಇದನ್ನ ಹೊತ್ತಿಸಬಹುದು. ರೈಡ್ ಕಂಟ್ರೋಲರ್‌ನ ಸಾಫ್ಟ್‌ವೇರ್‌ನಲ್ಲಿ 'ಲೊಕೇಟ್' ಕೊಟ್ರೆ ಬೇಕಾದ ಡಿಸ್ಕ್ ಮಾತ್ರ ಮಿನುಗುತ್ತೆ. ನಾವು ಮಾಡಬೇಕಿದ್ದದ್ದು ಇಷ್ಟೇ.

ಸರ್ವರ್‌ನಲ್ಲಿ ಎರಡು ಪವರ್ ಸಪ್ಲೈ, ಹೆಚ್ಚುವರಿ ಫ್ಯಾನ್, ರೈಡ್ ಎಲ್ಲಾ ಇರೋದು ಒಂದು ಕೆಟ್ಟರೂ ಕೆಲಸ ನಿಲ್ಲಬಾರದು ಅಂತ. ತೊಂದರೆ ಶುರುವಾಗೋದೂ ಅಲ್ಲೇ: ಕೆಲಸ ನಿಲ್ಲದ ಕಾರಣ ಕೆಟ್ಟಿದ್ದು ಯಾರಿಗೂ ಗೊತ್ತಾಗಲ್ಲ. ಆ ಪುಟ್ಟ ಲೈಟೊಂದೇ ಹೇಳ್ತಾ ಇರುತ್ತೆ. ಅದು ಹೇಳೋದು 'ಎಲ್ಲಿ' ಅಂತ ಮಾತ್ರ, 'ಯಾಕೆ' ಅನ್ನೋದಕ್ಕೆ ಲಾಗ್ ಓದಬೇಕು.

ಈಗ ನಾವು ಲ್ಯಾಬಿಗೆ ಹೋದಾಗಲೆಲ್ಲ ಮೊದಲು ರ‍್ಯಾಕ್ ಕಡೆ ಒಂದ್ಸಲ ನೋಡ್ತೀವಿ. ಆರೆಂಜ್ ಕಂಡ್ರೆ ಫೋಟೋ ತೆಗೆದು ಲ್ಯಾಬ್ ಸರ್‌ಗೆ ಕಳಿಸ್ತೀವಿ. ಕೈ ಮಾತ್ರ ಜೇಬಲ್ಲೇ ಇರುತ್ತೆ.