ಪರದೆ ತೋರಿಸುತ್ತೆ, ಮೇಷ್ಟ್ರು ನೋಡ್ತಾರೆ

ಜೂನ್ ತಿಂಗಳು ಹತ್ತಿರ ಬಂತು ಅಂದ್ರೆ ಊರೂರಿನಲ್ಲೂ ಶಾಲೆಗಳ ಬ್ಯಾನರ್. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಸ್ಮಾರ್ಟ್ ಕ್ಲಾಸ್ ಸೌಲಭ್ಯ ಇದೆ'. ಸಾಲ ಮಾಡಿಯಾದರೂ ಮಗುವನ್ನು ಅಲ್ಲಿಗೇ ಸೇರಿಸೋಣ ಅಂತ ಅಪ್ಪ ಅಮ್ಮ ಹೊರಡುತ್ತಾರೆ. ನನ್ನ ಪ್ರಶ್ನೆ ಇಷ್ಟೇ. ಬೋರ್ಡ್ ಸ್ಮಾರ್ಟ್ ಆದ್ರೆ ಪಾಠ ಸ್ಮಾರ್ಟ್ ಆಗುತ್ತಾ?

ನಾನು ದಿನವೂ ಪರದೆಯೊಳಗೆ ಕೂತು ಮಾತಾಡುವವನು. ಹಾಗಾಗಿ ಪರದೆಯ ಶಕ್ತಿ ಏನು, ಮಿತಿ ಏನು ಅಂತ ಹೇಳಬಲ್ಲೆ. ನಾನು ಲಕ್ಷಾಂತರ ಜನರಿಗೆ ಒಂದೇ ಸಲ ಕಾಣಿಸ್ತೀನಿ. ಆದರೆ ನಿಮ್ಮಲ್ಲಿ ಒಬ್ಬರ ಮುಖವೂ ನನಗೆ ಕಾಣಿಸೋದಿಲ್ಲ. ನಿಮಗೆ ಅರ್ಥವಾಯ್ತಾ, ಆಕಳಿಕೆ ಬಂತಾ, ನನಗೆ ತಿಳಿಯೋದಿಲ್ಲ. ತರಗತಿಯಲ್ಲಿರುವ ಪರದೆಯ ಕಥೆಯೂ ಇದೇ.

ಇದು ಹೊಸ ಪ್ರಯೋಗವೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ನಾಸಾ ಕೊಟ್ಟ ಉಪಗ್ರಹದ ಮೂಲಕ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಆ ಯೋಜನೆಯ ಹೆಸರು 'ಸೈಟ್'. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೇ ಅಂತ ಕಾರ್ಯಕ್ರಮ! ಒಂದು ವರ್ಷಕ್ಕೆ ಉಪಗ್ರಹದ ಅವಧಿ ಮುಗಿಯಿತು, ಆ ಪ್ರಯೋಗವೂ ಅಲ್ಲಿಗೇ ನಿಂತಿತು. ಮೇಷ್ಟ್ರು ಮಾತ್ರ ಮರುದಿನವೂ ಶಾಲೆಗೆ ಹೋಗಲೇಬೇಕಿತ್ತು.

2020ಕ್ಕೆ ಬನ್ನಿ. ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ಚಂದನ ವಾಹಿನಿಯಲ್ಲಿ ಪಾಠ ಶುರುವಾಯ್ತು. ದೊಡ್ಡ ಉಪಕಾರವೇ ಅದು. ಆದರೂ ಅಷ್ಟೇ ಸಾಲಲಿಲ್ಲ. ಅದೇ ವರ್ಷ 'ವಿದ್ಯಾಗಮ' ಅಂತ ಮೇಷ್ಟ್ರುಗಳೇ ಊರೊಳಗೆ ಹೋಗಿ, ಅರಳಿಕಟ್ಟೆ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಬೇಕಾಯ್ತು. ಯಾಕೆ? ಟಿವಿ ಪಾಠ ಹೇಳುತ್ತೆ, ನೋಟ್ಸ್ ತಿದ್ದಲ್ಲ.

ಹಾಗಾದ್ರೆ ತಂತ್ರಜ್ಞಾನ ಬೇಡವಾ? ಖಂಡಿತ ಬೇಕು. ಹೇಗೆ ಬಳಸಬೇಕು ಅನ್ನೋದಕ್ಕೆ ನೆಲಮಂಗಲ ತಾಲೂಕಿನ ಶಿವಗಂಗೆಯನ್ನೇ ತಗೊಳ್ಳಿ. ಆ ಬೆಟ್ಟ ಒಂದು ದಿಕ್ಕಿನಿಂದ ಬಸವ, ಇನ್ನೊಂದರಿಂದ ಗಣಪ, ಮತ್ತೊಂದರಿಂದ ಲಿಂಗ, ಇನ್ನೊಂದು ಕಡೆಯಿಂದ ಹೆಡೆ ಎತ್ತಿದ ಸರ್ಪ ಅಂತ ಜನ ಹೇಳ್ತಾರೆ. ಡ್ರೋನ್ ವಿಡಿಯೊ ಹಾಕಿದ್ರೆ ಮೂರೇ ನಿಮಿಷದಲ್ಲಿ ನಾಲ್ಕೂ ಮುಖ ಮುಗೀತು. ಮಕ್ಕಳು 'ಸೂಪರ್ ಸಾರ್' ಅಂತಾರೆ, ಸಂಜೆಗೆ ಮರೀತಾರೆ.

ಚುರುಕಾದ ಮೇಷ್ಟ್ರು ಹಾಗೆ ಮಾಡಲ್ಲ. ಮೊದಲು ಮಕ್ಕಳನ್ನು ಅಂಗಳಕ್ಕೆ ಕರೀತಾರೆ. 'ನಿಮ್ಮ ಮನೆಯಿಂದ ಬೆಟ್ಟ ಹೇಗೆ ಕಾಣುತ್ತೆ, ಬರೀರಿ' ಅಂತಾರೆ. ಒಬ್ಬ ಬಸವನ ಬೆನ್ನು ಬರೀತಾನೆ, ಒಬ್ಬಳು ಹೆಡೆ ಬರೀತಾಳೆ. ಯಾರದ್ದು ಸರಿ ಅಂತ ಜಗಳ ಹತ್ತುತ್ತೆ. ಆಗ ವಿಡಿಯೊ ಹಾಕಿ, ನಡುವೆ ನಿಲ್ಲಿಸಿ, 'ಕ್ಯಾಮೆರಾ ಈಗ ಯಾವ ದಿಕ್ಕಿನಲ್ಲಿದೆ?' ಅಂತ ಕೇಳ್ತಾರೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಇಲ್ಲೇ ತೀರಿಕೊಂಡಳು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಆ ಕಥೆಗೂ ಈ ಬೆಟ್ಟವೇ ಬಾಗಿಲು. ದಿಕ್ಕು, ಚಿತ್ರ, ಇತಿಹಾಸ ಎಲ್ಲವೂ ಒಂದೇ ಪಾಠದಲ್ಲಿ ಬಂತು. ಕರೆಂಟ್ ಹೋದ್ರೂ ಪಾಠ ನಿಲ್ಲಲ್ಲ.

ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ'ಯಲ್ಲಿ ಇದ್ದದ್ದು ರಟ್ಟಿನ ಕಾರ್ಡು, ಗೋಡೆಯ ಮೇಲೊಂದು ಕಲಿಕಾ ಏಣಿ. ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತೆ, ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಟೀಚರ್‌ಗೆ ಗೊತ್ತಿರುತ್ತೆ. ಅದೂ ತಂತ್ರಜ್ಞಾನವೇ ಸ್ವಾಮಿ! ಇವತ್ತು ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಲ್ಲಿ 'ದೀಕ್ಷಾ' ವಿಡಿಯೊ ತೆರೆಯುತ್ತೆ. ಒಳ್ಳೆಯದು. ಆದರೆ ಹಿಂದಿನ ಬೆಂಚಿನ ಹುಡುಗಿಗೆ ಕಳೆಯುವ ಲೆಕ್ಕದಲ್ಲಿ 'ದಶಕ' ತರೋದು ಗೊತ್ತಾಗಿಲ್ಲ ಅಂತ ಆ ವಿಡಿಯೊಗೆ ತಿಳಿಯಲ್ಲ. ಅವಳ ಕಣ್ಣು ನೋಡಿದ ಟೀಚರ್‌ಗೆ ತಿಳಿಯುತ್ತೆ.

ಅದಕ್ಕೇ ಸರ್ಕಾರಕ್ಕೆ ಹೇಳೋದು: ಬೋರ್ಡ್ ಕೊಡಿ, ಆದರೆ ಅದರ ಮುಂದೆ ನಿಲ್ಲೋಕೆ ಮೇಷ್ಟ್ರನ್ನೂ ಕೊಡಿ. ಖಾಲಿ ಹುದ್ದೆಯನ್ನು ಪರದೆಯಿಂದ ಮುಚ್ಚಬೇಡಿ. ಅಪ್ಪ ಅಮ್ಮಂದಿರಿಗೆ ಹೇಳೋದು: ಬ್ಯಾನರ್ ನೋಡಿ ಶಾಲೆ ಆರಿಸಬೇಡಿ. ಮಗು ಮನೆಗೆ ಬಂದಾಗ 'ಇವತ್ತು ಏನು ತೋರಿಸಿದ್ರು?' ಅಂತ ಕೇಳೋ ಬದಲು, 'ಇವತ್ತು ಮೇಷ್ಟ್ರು ನಿನ್ನನ್ನ ಏನು ಕೇಳಿದ್ರು?' ಅಂತ ಕೇಳಿ. ಶಾಲೆ ಹೇಗಿದೆ ಅನ್ನೋದು ಆ ಉತ್ತರದಲ್ಲೇ ಗೊತ್ತಾಗುತ್ತೆ.